ಗಂಟೆ ಹೊಡೆದರೆ ಕಾಫಿ

ಮೂವತ್ತು ವರ್ಷ ನಾನು ಮಾಡಿದ ಕೆಲಸ ಒಂದೇ: ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದು. ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ ಕೂತು, ಬಂದ ಬಿಡಿಭಾಗಗಳನ್ನು ಅಳೆದು, ಕೂದಲೆಳೆಯಷ್ಟು ಹೆಚ್ಚುಕಮ್ಮಿ ಕಂಡರೂ ಕೆಂಪು ಡಬ್ಬಿಗೆ ಹಾಕುತ್ತಿದ್ದೆ. ನಿವೃತ್ತಿಯಾದ ಮೇಲೆ ಅಳೆಯಲು ಬೇರೇನೂ ಸಿಗದೆ ಮನೆಯ ದೋಸೆ, ಇಸ್ತ್ರಿಯವನ ಮಡಿಕೆ, ಎದುರುಮನೆಯವರ ರಂಗೋಲಿ ಎಲ್ಲದರಲ್ಲೂ ಕೊಂಕು ತೆಗೆಯತೊಡಗಿದೆ. ‘ನಿನಗೊಂದು ಕೆಲಸ ಸಿಗದಿದ್ರೆ ನಾನೇ ಹೋಗಿ ಕೆಂಪು ಡಬ್ಬೀಲಿ ಕೂರ್ತೀನಿ’ ಎಂದು ಗಂಡ ಹೇಳಿದ್ದು ಪೂರ್ತಿ ತಮಾಷೆಯಲ್ಲ. ಅದೇ ಹೊತ್ತಿಗೆ ನಮ್ಮ ಜಯನಗರದ ಹಿರಿಯರ ಸಂಘದವರು, ಸುತ್ತಮುತ್ತಲ ವೃದ್ಧಾಶ್ರಮಗಳನ್ನು ನೋಡಿ ವರದಿ ಕೊಡಲು ಜನ ಬೇಕು ಎಂದರು. ಅವರು ಮಾತು ಮುಗಿಸುವ ಮೊದಲೇ ನಾನು ಕೈ ಎತ್ತಿದ್ದೆ.

ಸಂಘ ಸೂಚಿಸುವ ಆಶ್ರಮಗಳ ಪಟ್ಟಿಯೊಂದಿದೆ. ಅದರಲ್ಲಿ ಉಳಿಯಬೇಕೆಂದರೆ ನಮ್ಮ ನಿಯಮಗಳಿಗೆ ಒಪ್ಪಬೇಕು. ನಾನು ಹೇಳದೆ ಕೇಳದೆ ಹೋಗಿ ಅಡುಗೆಮನೆ, ಬಚ್ಚಲು, ಔಷಧಿ ಡಬ್ಬಿ, ಎಲ್ಲ ನೋಡಬಹುದು. ಇಬ್ಬರು ಸೇರಿ ಹೋಗಬೇಕೆಂಬುದು ಪದ್ಧತಿ. ಆದರೆ ನನ್ನ ಜೊತೆ ಒಂದು ಸಲ ಬಂದವರಿಗೆಲ್ಲ ಎರಡನೆಯ ಸಲಕ್ಕೆ ಮಂಡಿನೋವು ಬರುತ್ತಿತ್ತು. ಹೀಗಾಗಿ ಪದ್ಮನಾಭನಗರದ ಆ ಮನೆಗೆ ನಾನೊಬ್ಬಳೇ ಹೋದೆ.

ಮೂರು ಮಹಡಿಯ ಮನೆ. ಮೊದಲು ಅಲ್ಲಿ ರಾಗಿ ಹೊಲವಿತ್ತಂತೆ. ಹೊಲದ ಯಜಮಾನರ ಮಗಳೇ ಈಗ ಆಶ್ರಮ ನಡೆಸುವಾಕೆ. ಐವತ್ತರ ಹತ್ತಿರದ, ಗಟ್ಟಿ ದನಿಯ ಹೆಂಗಸು. ನೆಲಮಹಡಿ, ಮೊದಲ ಮಹಡಿ ಸೇರಿ ಹದಿನೆಂಟು ಜನ ಹಿರಿಯರು, ಅದರ ಮೇಲೆ ಆಕೆಯ ಸಂಸಾರ. ನಾನು ಗೇಟು ತೆರೆದಾಗ ಆಕೆ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ‘ಬನ್ನಿ ಮೇಡಂ, ಎಲ್ಲಾ ನೋಡಿ, ಏನೂ ಮುಚ್ಚಿಟ್ಟಿಲ್ಲ’ ಎಂದಳು. ಹಾಗೆನ್ನುವವರನ್ನು ಕಂಡರೆ ನಾನು ಇನ್ನಷ್ಟು ಹುಷಾರಾಗುತ್ತೇನೆ.

ನಿಜ ಹೇಳಬೇಕೆಂದರೆ ತಪ್ಪು ಸಿಗುವುದೇ ಕಷ್ಟವಾಯಿತು. ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿಗಳಿದ್ದವು. ಔಷಧಿ ಡಬ್ಬಿಗಳ ಮೇಲೆ ಹೆಸರಿತ್ತು. ಹುಳಿ ರುಚಿಯಾಗಿತ್ತು, ಎರಡು ಸಲ ಪರೀಕ್ಷಿಸಿದೆ. ಬೆಂಕಿ ನಂದಿಸುವ ಸಿಲಿಂಡರು ಮಾತ್ರ ಎಲ್ಲೂ ಕಾಣಲಿಲ್ಲ. ಕೇಳಿದರೆ ಆಕೆ ಮೆಟ್ಟಿಲ ಕೆಳಗಿದ್ದ ಹೂವಿನ ಬಟ್ಟೆಯ ಗವಸು ತೆಗೆದಳು. ಒಳಗೆ ಕೆಂಪು ಸಿಲಿಂಡರು, ಮೈತುಂಬ ಆಯುಧಪೂಜೆಯ ಕುಂಕುಮ.

‘ದೂಳು ಕೂರುತ್ತೆ ಅಂತ ಕವರ್ ಹೊಲಿಸಿದೀನಿ’ ಎಂದಳು. ಕುಂಕುಮ ಒರೆಸಿ ತಾರೀಕು ನೋಡಿದೆ. ಸರಿಯಾಗಿತ್ತು. ಗವಸು ತೆಗೆದೇ ಇಡಬೇಕೆಂದು ಬರೆದೆ.

ಕಡೆಗೆ ಅಣಕು ಪರೀಕ್ಷೆ. ಬೆಂಕಿ ಬಿದ್ದಿದೆ ಎಂದುಕೊಂಡು ಗಂಟೆ ಹೊಡೆದು, ಎಲ್ಲರೂ ಎಷ್ಟು ಹೊತ್ತಿಗೆ ಹೊರಗೆ ಬರುತ್ತಾರೆಂದು ನೋಡುವುದು. ಆಕೆ ಊಟದ ಕೋಣೆಯ ಬಾಗಿಲಲ್ಲಿ ತೂಗುಹಾಕಿದ್ದ ಹಿತ್ತಾಳೆಯ ಗಂಟೆಯನ್ನು ಜೋರಾಗಿ ಹೊಡೆದಳು. ನಾನು ಗಡಿಯಾರ ನೋಡುತ್ತಾ ನಿಂತೆ.

ಎರಡೇ ನಿಮಿಷ. ಕೋಲೂರುವವರು, ಗೋಡೆ ಹಿಡಿಯುವವರು, ಒಬ್ಬರ ತೋಳು ಇನ್ನೊಬ್ಬರು ಹಿಡಿದವರು, ಎಲ್ಲರೂ ಬಂದರು. ಗೇಟಿಗಲ್ಲ, ಊಟದ ಕೋಣೆಗೆ. ಪ್ರತಿಯೊಬ್ಬರ ಕೈಯಲ್ಲೂ ಒಂದು ಸ್ಟೀಲ್ ಲೋಟ.

ಆ ಮನೆಯಲ್ಲಿ ದಿನಕ್ಕೆ ಮೂರು ಸಲ ಕಾಫಿ, ಮೂರು ಸಲವೂ ಅದೇ ಗಂಟೆ. ಹೊತ್ತಲ್ಲದ ಹೊತ್ತಲ್ಲಿ ಹೊಡೆದಿದ್ದಕ್ಕೆ, ಅತಿಥಿ ಬಂದಿದ್ದಾರೆ, ಇನ್ನೊಂದು ಸುತ್ತು ಸಿಗುತ್ತದೆ ಎಂದು ಎಲ್ಲರಿಗೂ ಖುಷಿ. ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದ ಒಬ್ಬರು ನನ್ನನ್ನು ಕಂಡು, ‘ನನಗೆ ಸಕ್ಕರೆ ಕಮ್ಮಿ’ ಎಂದು ಲೋಟ ಚಾಚಿದರು.

‘ಸಾರ್, ಬೆಂಕಿ ಬಿದ್ದಿದೆ ಅಂತ ಲೆಕ್ಕ’ ಎಂದೆ.

‘ಅಡುಗೆಮನೇಲಾ?’

‘ಹೌದು ಅಂತಿಟ್ಕೊಳ್ಳಿ.’

‘ಹಾಗಾದ್ರೆ ಕಾಫಿ ತಡ ಆಗುತ್ತೆ’ ಎಂದು ಅವರು ಕುರ್ಚಿ ಎಳೆದುಕೊಂಡು ಕೂತರು.

ಅವರು ಕೂತ ಕುರ್ಚಿಗೂ ಗ್ಯಾಸ್ ಒಲೆಗೂ ನಡುವೆ ಒಂದು ಗೋಡೆ ಮಾತ್ರ. ವರದಿಯಲ್ಲಿ ‘ಎಲ್ಲರೂ ಅತ್ಯಂತ ಶಿಸ್ತಿನಿಂದ ಬೆಂಕಿಯ ಕಡೆಗೇ ಹೋದರು; ಬೆಂಕಿಗೆಂದೇ ಬೇರೆ ಸದ್ದು ಬೇಕು’ ಎಂದು ಬರೆದೆ. ಯಜಮಾನಿ ಅದನ್ನು ಓದಿ ಮೊದಲು ಪೆಚ್ಚಾದಳು, ಆಮೇಲೆ ಸೆರಗು ಬಾಯಿಗಿಟ್ಟು ನಕ್ಕಳು. ಗಂಟೆ ಹೊಡೆದಾಗಿತ್ತಲ್ಲ, ಬಂದವರನ್ನು ಬರಿಗೈಯಲ್ಲಿ ಕಳಿಸುವಂತಿರಲಿಲ್ಲ. ಕಾಫಿ ಆಗಲೇಬೇಕಾಯಿತು.

ನಾನು ಲೋಟ ಎಣಿಸಿದೆ. ಹದಿನಾರು. ಇನ್ನಿಬ್ಬರೆಲ್ಲಿ?

‘ಮೇಲಿದಾರೆ ಮೇಡಂ’ ಎಂದ ಯಜಮಾನಿಯ ನಗು ಅಲ್ಲಿಗೇ ನಿಂತಿತು.

ಮೊದಲ ಮಹಡಿಯ ಮೂಲೆ ಕೋಣೆಯಲ್ಲಿ ಇಬ್ಬರು ಮುದುಕಿಯರು, ಹಣೆಯಲ್ಲಿ ವಿಭೂತಿ, ಎದುರುಬದುರು ಮಂಚ. ಓರಗಿತ್ತಿಯರು; ಅಣ್ಣತಮ್ಮಂದಿರನ್ನು ಮದುವೆಯಾಗಿ ಒಂದೇ ಮನೆಗೆ ಬಂದವರು. ದಾವಣಗೆರೆ ಕಡೆಯಿಂದ ಬಂದು ಇಲ್ಲಿ ಬಟ್ಟೆ ಅಂಗಡಿ ಇಟ್ಟ ಸಂಸಾರ. ಗಂಡಂದಿರು ಹೋದ ಮೇಲೂ ಇಬ್ಬರೂ ಬೇರೆಯಾಗಿರಲಿಲ್ಲ. ಹಿರಿಯಾಕೆಗೆ ಸೊಂಟದಿಂದ ಕೆಳಗೆ ಬಲವಿಲ್ಲ, ಗಾಲಿಕುರ್ಚಿ. ಮನೆಗೆ ಲಿಫ್ಟಿಲ್ಲ. ಕಿರಿಯಾಕೆ ಮಾತ್ರ ನೆಟ್ಟಗೆ ನಡೆಯಬಲ್ಲವಳು.

‘ನಿಮಗೆ ಗಂಟೆ ಕೇಳಿಸ್ಲಿಲ್ವಾ?’ ಎಂದು ಕಿರಿಯಾಕೆಯನ್ನು ಕೇಳಿದೆ.

‘ಕೇಳಿಸ್ತು. ನಮ್ಮ ಕಾಫಿ ಮೇಲಕ್ಕೇ ಬರುತ್ತೆ.’

‘ಇದು ಬೆಂಕಿ ಗಂಟೆ.’

‘ಬೆಂಕಿ ಆದ್ರೂ ಅಷ್ಟೇ. ಅಕ್ಕನ್ನ ಬಿಟ್ಟು ಇಳೀತೀನಾ ಮೇಡಂ? ಆಮೇಲೆ ಯಾರ ಜೊತೆ ಜಗಳ ಆಡ್ಲಿ?’

‘ನೋಡಿ, ಇದು ಇವಳ ಬುದ್ಧಿ’ ಎಂದು ಹಿರಿಯಾಕೆ ಗೋಡೆಯ ಕಡೆ ಮುಖ ತಿರುಗಿಸಿದಳು.

ನನ್ನ ಫಾರಂನಲ್ಲಿ ಒಂದು ಪ್ರಶ್ನೆಯಿದೆ: ತಾವಾಗಿ ಇಳಿಯಲಾರದವರೆಲ್ಲ ನೆಲಮಹಡಿಯಲ್ಲೇ ಇದ್ದಾರೆಯೆ? ‘ಇಲ್ಲ’ ಎಂದು ಗುರುತು ಹಾಕಿದರೆ ಹದಿನೈದು ದಿನದೊಳಗೆ ಅಂಥವರ ಜಾಗ ಬದಲಾಗಬೇಕು. ಇಲ್ಲಿ ಕೆಳಗೆ ಮಂಚ ಖಾಲಿಯಿರಲಿಲ್ಲ. ಲಿಫ್ಟಿರುವ ಆಶ್ರಮವೊಂದು ಸುದ್ದಗುಂಟೆಪಾಳ್ಯದಲ್ಲಿ ನನಗೆ ಗೊತ್ತಿತ್ತು, ಆದರೆ ಅಲ್ಲಿದ್ದದ್ದು ಒಂದೇ ಜಾಗ. ನಾನು ಪೆನ್ನಿನ ಕ್ಯಾಪ್ ತೆಗೆದದ್ದನ್ನು ಕಂಡು ಕಿರಿಯಾಕೆ ನನ್ನ ಕೈ ಹಿಡಿದುಕೊಂಡಳು.

‘ಬರೀಬೇಡಿ ಮೇಡಂ. ಐವತ್ತು ವರ್ಷ ಒಂದೇ ಮನೇಲಿ ಇದೀವಿ. ಈಗ ಬೇರೆ ಮಾಡಿಸ್ಬೇಡಿ.’

ನನಗೆ ಸಿಟ್ಟು ಬಂತು. ಆಕೆಯ ಮೇಲಲ್ಲ, ನಿಯಮ ಸರಿಯಾಗಿದೆಯಲ್ಲ ಎಂದು ಸಿಟ್ಟು. ನಿಯಮ ತಪ್ಪಾಗಿದ್ದರೆ ಹರಿದು ಹಾಕಿ ಎದ್ದು ಬರಬಹುದಿತ್ತು. ಬೆಂಕಿ ಬಿದ್ದರೆ ಈ ಕೋಣೆಯಲ್ಲಿ ಹೋಗುವುದು ಒಂದು ಜೀವವಲ್ಲ, ಎರಡು. ಪೆನ್ನಿನ ಕ್ಯಾಪ್ ಮುಚ್ಚಿ ಕೆಳಗಿಳಿದೆ. ಬಿಡಿಭಾಗಗಳು ಕೈ ಹಿಡಿದುಕೊಂಡು ಬೇಡುತ್ತಿರಲಿಲ್ಲ.

ಯಜಮಾನಿ ನನ್ನನ್ನು ಮುಂದಿನ ಹಾಲಿನಲ್ಲಿ ಕೂರಿಸಿ ಕಾಫಿ ಕೊಟ್ಟಳು. ದೊಡ್ಡ ಹಾಲು. ಎರಡು ಸೋಫಾ, ಮೀನಿನ ತೊಟ್ಟಿ, ಪೇಟ ಕಟ್ಟಿದ ಅವರಪ್ಪನ ಫೋಟೋ, ಪಕ್ಕದಲ್ಲೇ ಬಚ್ಚಲು. ರಸ್ತೆಗೆ ತೆರೆಯುವ ಅಗಲವಾದ ಬಾಗಿಲು. ಅರ್ಧ ಲೋಟ ಕುಡಿದ ಮೇಲೆ ನನ್ನ ಕಣ್ಣು ಬಾಗಿಲ ಮೇಲೆ ನಿಂತಿತು.

‘ಈ ಹಾಲಲ್ಲಿ ಯಾರಿರ್ತಾರೆ?’

‘ಯಾರೂ ಇಲ್ಲ ಮೇಡಂ. ಅಪ್ಪ ಅಮ್ಮನ್ನ ಸೇರಿಸೋಕೆ ಬರ್ತಾರಲ್ಲ ಮಕ್ಕಳು, ಅವರು ಕೂರೋಕೆ. ಮೊದಲು ಕಣ್ಣಿಗೆ ಬೀಳೋದು ಇದೇ ಅಲ್ವಾ.’

‘ಅಂದ್ರೆ ಒಂದು ಗಂಟೆ ಕೂತು ಹೋಗೋರಿಗೆ ಮನೇಲಿ ಎಲ್ಲಕ್ಕಿಂತ ಒಳ್ಳೇ ರೂಮು. ಜೀವನಪೂರ್ತಿ ಇರೋರು ಮಹಡಿ ಮೇಲೆ.’

ಆಕೆಯ ಮುಖ ಕೆಂಪಾಯಿತು. ‘ಇದು ನಮ್ಮಪ್ಪನ ಹಾಲು. ಹೊಲ ಸೈಟಾದಾಗ ಒಂದೊಂದು ಸೈಟಿನ ಮಾತುಕತೇನೂ ಇಲ್ಲೇ ಕೂತು ಮುಗಿಸಿದ್ರು. ಒಂದು ಮೊಳೆ ಕದಲಿಸಿಲ್ಲ ನಾನು.’

‘ಅಪ್ಪನ ಫೋಟೋ ಇರ್ಲಿ. ಎರಡು ಮಂಚ ಹಾಕಿ. ಬರೋ ಮಕ್ಕಳು ಮೊದಲು ಆ ಇಬ್ಬರನ್ನ ನೋಡ್ಲಿ. ಸೋಫಾ ನೋಡಿ ಯಾರಾದ್ರೂ ತಾಯೀನ ಬಿಟ್ಟು ಹೋಗ್ತಾರಾ?’

ಆಕೆ ಅಪ್ಪನ ಫೋಟೋದ ಗಾಜನ್ನು ಸೆರಗಿನಿಂದ ಒರೆಸತೊಡಗಿದಳು. ನಾನು ‘ಇಲ್ಲ’ ಎಂಬಲ್ಲಿ ಗುರುತು ಹಾಕಿದೆ. ಸುಳ್ಳು ಬರೆಯುವುದು ನನಗೆ ಬರುವುದಿಲ್ಲ. ಅದರ ಕೆಳಗೆ, ಮುಂದಿನ ಹಾಲನ್ನು ಇಬ್ಬರ ಕೋಣೆ ಮಾಡಬಹುದು ಎಂದು ಸೇರಿಸಿ ಎದ್ದು ಬಂದೆ. ಆ ಹದಿನೈದು ದಿನ ಮನೆಯಲ್ಲಿ ನನ್ನ ಬಾಯಿಂದ ಒಂದು ಕೊಂಕೂ ಬರಲಿಲ್ಲ. ಹುಷಾರಿಲ್ಲವೇನೋ ಎಂದು ಗಂಡ ಹಣೆ ಮುಟ್ಟಿ ನೋಡಿದರು.

ಮತ್ತೆ ಹೋದಾಗ ಬಾಗಿಲ ಮುಂದಿನ ಎರಡು ಮೆಟ್ಟಿಲು ಮುಚ್ಚಿ ಹೊಸ ಸಿಮೆಂಟಿನ ಇಳಿಜಾರು ಬಂದಿತ್ತು. ಹಾಲಿನಲ್ಲಿ ಎರಡು ಮಂಚ. ನಾಲ್ಕು ಜನ ಹಿರಿಯಾಕೆಯನ್ನು ಕುರ್ಚಿ ಸಮೇತ ಕೆಳಗಿಳಿಸಿದರಂತೆ. ಕಿರಿಯಾಕೆ ಮುಂದೆ ನಡೆಯುತ್ತಾ ನಾಲ್ವರಿಗೂ ಬೈದಳಂತೆ. ಈಗ ಮೀನಿನ ತೊಟ್ಟಿ ಯಾರ ಮಂಚದ ಕಡೆ ಇರಬೇಕೆಂದು ಇಬ್ಬರಿಗೂ ವ್ಯಾಜ್ಯ. ಬೆಂಕಿಗೆಂದೇ ಬೇರೆ ಸದ್ದು ಬೇಕು ಎಂದಿದ್ದೆನಲ್ಲ, ಯಜಮಾನಿ ಹಳೇ ಲಾರಿಯ ರಬ್ಬರ್ ಹಾರ್ನು ತಂದಿದ್ದಳು. ಅದನ್ನು ಒತ್ತಿದ್ದೇ ತಡ, ಬೀದಿಯ ನಾಯಿಗಳೂ ಸೇರಿ ಎಲ್ಲರೂ ಗೇಟಿನ ಹತ್ತಿರದ ಹೊಂಗೆ ಮರದ ಕೆಳಗೆ ಹಾಜರು. ಎಲ್ಲರಿಗಿಂತ ಮೊದಲು ಬಂದದ್ದು ಗಾಲಿಕುರ್ಚಿ, ಅದನ್ನು ತಳ್ಳುತ್ತಾ ಕಿರಿಯಾಕೆ. ಮ್ಯಾನೇಜರು ಮಾತ್ರ ಲೋಟ ತಂದಿದ್ದರು, ಯಾವುದಕ್ಕೂ ಇರಲಿ ಎಂದು.

ನಾನು ಹದಿನೆಂಟು ತಲೆ ಎಣಿಸಿ ಸಹಿ ಹಾಕುತ್ತಿದ್ದಾಗ, ಹಿರಿಯಾಕೆ ಚಳಿಯಾಗುತ್ತಿದೆ, ಶಾಲು ತಾ ಎಂದು ಓರಗಿತ್ತಿಯನ್ನು ಒಳಗೆ ಕಳಿಸಿದಳು. ಸುಡುಬಿಸಿಲು. ಕಿರಿಯಾಕೆ ಅತ್ತ ಹೋಗುತ್ತಲೇ ಹಿರಿಯಾಕೆ ನನ್ನನ್ನು ಹತ್ತಿರ ಕರೆದಳು.

‘ಅವತ್ತು ಇವಳು ಬರೀಬೇಡಿ ಅಂದ್ಲಲ್ಲ, ನಾನು ಮನಸ್ಸಲ್ಲೇ ಬರೀರಿ ಬರೀರಿ ಅಂತಿದ್ದೆ. ಎಲ್ಲಿಗೆ ಕಳಿಸಿದ್ರೂ ಹೋಗೋಕೆ ರೆಡಿ ಇದ್ದೆ ಮೇಡಂ. ನಂದು ಆಯ್ತು, ಬಿಡಿ. ಏನಾದ್ರೂ ಆದ್ರೆ ಈ ಪೆದ್ದಿ ನನ್ನ ಪಕ್ಕದಲ್ಲೇ ಕೂತಿರ್ತಿದ್ಲು. ಎರಡು ವರ್ಷದಿಂದ ಗ್ಯಾಸ್ ವಾಸನೆ ಬಂತಾ, ಹೊಗೆ ಬಂತಾ ಅಂತ ರಾತ್ರಿಯೆಲ್ಲಾ ಎಚ್ಚರವಿದ್ದು ಮೂಸ್ತಿದ್ದೆ. ಈಗ ನಿದ್ದೆ ಬರ್ತಿದೆ.’

ಕಿರಿಯಾಕೆ ಶಾಲು ತಂದು ಹೊದಿಸುತ್ತಾ ನಮ್ಮಿಬ್ಬರ ಮುಖ ನೋಡಿದಳು. ‘ಏನು ಹೇಳ್ತಿದ್ರು ನನ್ನ ಬಗ್ಗೆ?’

‘ಚಾಡಿ’ ಎಂದೆ. ಅರ್ಧಕ್ಕೆ ನಿಂತಿದ್ದ ಸಹಿಯನ್ನು ಮುಗಿಸಿದೆ.