ರಾಕ್ಷಸನ ಬೆನ್ನಿನ ಹೊಲಿಗೆ ಹುಡುಕುವ ಶಿರೀನ್ ತಾಜ್

ಬೆಳಗಿನ ಐದೂವರೆ. ತರೀಕೆರೆ ಬಸ್ ನಿಲ್ದಾಣದಲ್ಲಿ ಕಂಡಕ್ಟರ್ "ಕಡೂರ್ಕಡೂರ್ಕಡೂರ್" ಎಂದು ಒಂದೇ ಉಸಿರಿಗೆ ಒಂದೂರನ್ನು ಮೂರೂರು ಮಾಡುತ್ತಿದ್ದಾನೆ. ಹಿಂದಿನ ಗಲ್ಲಿಯ ಜಿಪ್ ರಿಪೇರಿ ಅಂಗಡಿಯಲ್ಲಿ ಶಿರೀನ್ ತಾಜ್ ಒಂದು ಶಾಲಾ ಬ್ಯಾಗನ್ನು ಒಳಮೈ ಹೊರಗೆ ಮಾಡಿ ಬಲ್ಬಿಗೆ ಹಿಡಿದಿದ್ದಾರೆ. ಜಿಪ್ ತಾನಾಗೇ ಹೋಯಿತು ಎಂದು ತಂದವರು ಹೇಳಿದ್ದಾರೆ. ಶಿರೀನ್ ನಂಬಿಲ್ಲ.

"ತಾನಾಗೇ ಹೋಗಕ್ಕೆ ಅದೇನ್ ಬಸ್ಸಾ? ನೋಡಿ, ಹಲ್ಲಿನ್ ಗುರ್ತು. ಕಚ್ಚಿ ಎಳ್ದವ್ರೆ ಕಣ್ರೀ."

ದಿನಕ್ಕೆ ಇಪ್ಪತ್ತೈದು ಜಿಪ್, ಶಾಲೆ ಶುರುವಾಗುವ ವಾರ ನಲವತ್ತು. ಐವತ್ತೆರಡರ ಈಕೆ ಮೂವತ್ತೈದು ವರ್ಷದಿಂದ ಇದೇ ಹೊಲಿಗೆ ಯಂತ್ರದ ಮುಂದೆ. ತಂದೆ ಹಿದಾಯತುಲ್ಲಾ ಪ್ಯಾಂಟ್ ಹೊಲಿಯುವುದಕ್ಕೆ ಹೆಸರಾದವರು. ಅವರ ಕಣ್ಣು ಮಂಜಾದಾಗ ಮಗಳು ಕೂತರು. ಅಳತೆ ಪಟ್ಟಿ ಈಕೆಯ ಕೈಯಲ್ಲಿ ಕಂಡ ಗಿರಾಕಿಗಳು ಬಟ್ಟೆ ವಾಪಸ್ ಒಯ್ದರು. "ಹೆಣ್ಮಗು ಪ್ಯಾಂಟ್ ಹೊಲೀತದಾ ಅಂತ ಅನ್ಮಾನ. ಕಿತ್ತೋಗಿರೋ ಜಿಪ್ ಕೊಡಕ್ಕೆ ಮಾತ್ರ ಯಾರ್ಗೂ ಅನ್ಮಾನ ಇರ್ಲಿಲ್ಲ. ಅದನ್ನೇ ಹಿಡ್ಕೊಂಡೆ." ಅಂದು ಊರು ಇವರನ್ನು ಅನುಮಾನಿಸಿತು, ಇಂದು ಇವರು ಊರನ್ನು. ಅನ್ಯಗ್ರಹದವರ ಮೇಲಂತೂ ಪೂರ್ವಗ್ರಹವೇ ಇದೆ.

ಅನ್ಯಗ್ರಹದವರು ಬರುವುದು ಶುಕ್ರವಾರ ಮಧ್ಯಾಹ್ನ, ಅಂಗಡಿ ಮುಚ್ಚಿದ ಮೇಲೆ. ತಮ್ಮ ಅಶ್ಫಾಕ್ ಸಿ.ಡಿ. ಅಂಗಡಿ ಎತ್ತಿದಾಗ ಯಾರೂ ಒಯ್ಯದ ಮೂವತ್ತೇಳು ಡಿಸ್ಕ್ ಅಕ್ಕನ ಮನೆ ಸೇರಿದವು. ಎಲ್ಲವೂ ಐವತ್ತು ಅರವತ್ತು ವರ್ಷ ಹಳೆಯ ಇಂಗ್ಲಿಷ್ ಚಿತ್ರಗಳು: ಹಾರುವ ತಟ್ಟೆ, ತಗಡಿನ ರೋಬೋ, ರಬ್ಬರ್ ರಾಕ್ಷಸ. ಜೊತೆಗೆ ನೋಡುವವರು ಎದುರು ಹಿಟ್ಟಿನ ಗಿರಣಿಯ ಕರಿಬಸಮ್ಮ, ಬಸ್ ನಿಲ್ದಾಣದಲ್ಲಿ ಹೂ ಮಾರುವ ಪ್ರೇಮಮ್ಮ. ಮೂವರಿಗೂ ಮಾತು ತಿಳಿಯದು, ಮೋಸ ತಿಳಿಯುತ್ತದೆ. ತಟ್ಟೆ ನೇತುಹಾಕಿದ ದಾರ ಪ್ರೇಮಮ್ಮನಿಗೆ ಮೊದಲು ಕಾಣುತ್ತದೆ: "ನನ್ ಹೂವಿನ್ ದಾರಕ್ಕಿಂತ ದಪ್ಪ ಐತೆ ಕಣೇ!" ಮಂಗಳನ ಧೂಳು ಮೈದಾ ಹಿಟ್ಟೆಂದು ಪತ್ತೆ ಹಚ್ಚಿದ್ದು ಕರಿಬಸಮ್ಮ. ರಾಕ್ಷಸರ ವೇಷದ ಜಿಪ್ಪುಗಳು ಶಿರೀನ್ ಪಾಲಿಗೆ. ಮೋಸವೆಲ್ಲ ಸಿಕ್ಕ ಡಿಸ್ಕ್ ಯಗಟಿಗೆ, ಕರಿಬಸಮ್ಮನ ತವರಿಗೆ ಹೋಗಿ, ರಾಗಿ ಹೊಲದಲ್ಲಿ ಹಕ್ಕಿ ಓಡಿಸಲು ನೇತಾಡುತ್ತದೆ.

ಉಳಿದಿರುವುದು ಒಂದೇ ಡಿಸ್ಕ್. ಆಕಾಶದಿಂದ ಬಿದ್ದ ಮೊಟ್ಟೆ ಒಡೆದು ಬರುವ ಹಸಿರು ರಾಕ್ಷಸನ ಹೊಲಿಗೆ ಎರಡು ವರ್ಷದಿಂದ ಸಿಕ್ಕಿಲ್ಲ. ಸಿಕ್ಕರೆ ಅದೂ ಹೊಲಕ್ಕೆ. ಶುಕ್ರವಾರಗಳು ಅಲ್ಲಿಗೆ ಮುಗಿದಂತೆ. ಮೊಬೈಲಿನಲ್ಲಿ ಬೇಕಾದಷ್ಟಿಲ್ಲವೇ ಎಂದರೆ ಪ್ರೇಮಮ್ಮ ಮುಖ ಸಿಂಡರಿಸುತ್ತಾರೆ. "ಈಗಿನವೆಲ್ಲ ಕಂಪ್ಯೂಟರ್ದು. ದಾರ ಇಲ್ಲ, ಹೊಲ್ಗೆ ಇಲ್ಲ. ಏನಂತ ಹುಡ್ಕೋದು?"

ಈ ಶುಕ್ರವಾರವೂ ರಾಕ್ಷಸ ನಾಯಕಿಯನ್ನು ಹೊತ್ತು ಬೆನ್ನು ತಿರುಗಿಸುತ್ತಾನೆ. ಸರಿಯಾಗಿ ಆಗಲೇ ಶಿರೀನ್ ಟೀ ಹಿಡಿದು ಟಿವಿಗೆ ಅಡ್ಡ ನಿಲ್ಲುತ್ತಾರೆ.

"ಪ್ರತಿ ಸಲ ಇಲ್ಲೇ ಟೀ ಬತ್ತದೆ," ಕರಿಬಸಮ್ಮನ ದನಿ ಗಿರಣಿಯಂತೆ ಗೊರಗುಟ್ಟುತ್ತದೆ. "ಲೇ ಶಿರೀನಾ, ನಿಂಗೆ ಸಿಕ್ಕೈತೆ. ಮುಚ್ಚಿಡ್ತಿದೀಯ."

"ಸಿಕ್ಕಿದ್ರೆ ಹೇಳ್ತಿರ್ಲಿಲ್ವಾ? ಬಿಸ್ಕತ್ ತಗೋ."

ಗೆಳತಿಯರು ಹೊರಟ ಮೇಲೆ ಶಿರೀನ್ ಚಿತ್ರದ ಕೊನೆಯ ಹೆಸರುಗಳನ್ನು, ಪತ್ರಿಕೆಗೆ ಬರೆಯಲು ಬಂದ ನನ್ನಿಂದ ಓದಿಸುತ್ತಾರೆ. ಟೈಲರ್ ಇದ್ದಾರಾ? ಎರಡು ಸಲ ಓದುತ್ತೇನೆ. ಇಲ್ಲ. ನಾಯಕಿಯ ನಾಯಿಯ ಹೆಸರಿದೆ. ಶಿರೀನ್ ಟಿವಿ ಆರಿಸಿ ಹಸಿರು ರೆಕ್ಸಿನ್ ಗವಸು ಹಾಕುತ್ತಾರೆ. ತಾವೇ ಹೊಲಿದದ್ದಂತೆ. ಸುತ್ತ ಕೈಯಾಡಿಸುತ್ತೇನೆ, ಹೊಲಿಗೆ ಎಲ್ಲಿ ಶುರು, ಎಲ್ಲಿ ಕೊನೆ, ಗೊತ್ತಾಗುವುದಿಲ್ಲ.

"ಇದನ್ನು ಎಲ್ಲಿ ಕಲಿತಿರಿ?"

ಶಿರೀನ್ ಗವಸಿನ ಅಂಚು ಸರಿಪಡಿಸುತ್ತಾರೆ. "ನನ್ ಫೋಟೋ ಚಿಕ್ಕದ್ ಮಾಡಿ. ಆ ರಾಕ್ಷಸನ್ನ ಹೊಲ್ದೋರಿಗೂ ಒಂದ್ ಲೈನ್ ಹಾಕಿ, ಹೊಲ್ಗೆ ಸಿಗ್ಲಿಲ್ಲ ಅಂತ. ಟೈಲರ್‌ಗೆ ಅಷ್ಟ್ ಸಾಕು."

ಹಾಕಿದ್ದೇನೆ. ಸಿಗಲಿಲ್ಲ, ನನಗಂತೂ.