ಅವ್ವ ನೋಡಿದ ಗ್ರಹಣ

2019ರ ಡಿಸೆಂಬರ್ 26, ಗುರುವಾರ. ಅವತ್ತು ಬೆಳಿಗ್ಗೆ ಸೂರ್ಯಗ್ರಹಣ ಇತ್ತು. ಮಂಗಳೂರು, ಮಡಿಕೇರಿ ಕಡೆಯವರಿಗೆ ಸೂರ್ಯ ಬಳೆಯ ಹಾಗೆ ಕಾಣುತ್ತದೆ, ನಮ್ಮ ಹೊಸಪೇಟೆಯಲ್ಲಿ ಸಣ್ಣ ಚೂರು ಬಿಟ್ಟು ಉಳಿದದ್ದೆಲ್ಲ ಮುಚ್ಚುತ್ತದೆ ಎಂದು ಪೇಪರಿನಲ್ಲಿ ಬಂದಿತ್ತು. ನಾನು ತಿಂಗಳ ಮೊದಲೇ ಅಂಚೆಯಲ್ಲಿ ಎರಡು ಗ್ರಹಣದ ಕನ್ನಡಕ ತರಿಸಿಟ್ಟು, ರಜೆಯನ್ನೂ ಬರೆದುಕೊಟ್ಟಿದ್ದೆ.

ನಾನು ಇಲ್ಲಿನ ಒಂದು ಖಾಸಗಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಆಕಾಶ ನೋಡುವುದು ನನ್ನ ಹುಚ್ಚು. ಹಂಪಿಯಲ್ಲಿ ಪರಿಚಯದವರೊಬ್ಬರು ಕೊಟ್ಟ ಹಳೆಯ ದುರ್ಬೀನು ಹಿಡಿದು ಮಾಳಿಗೆಯ ಮೇಲಿನಿಂದ ಗುರುವಿನ ನಾಲ್ಕು ಚಂದ್ರರನ್ನು ನೋಡಿದ್ದೇನೆ. ಹಿಂದಿನ ವರ್ಷದ ಚಂದ್ರಗ್ರಹಣಕ್ಕೆ ಮೂರು ತಾಸು ಕೂತು ಬರೀ ಮೋಡ ನೋಡಿ ಇಳಿದು ಬಂದದ್ದೂ ಉಂಟು.

ಈ ಹುಚ್ಚಿಗೆ ಕಾರಣ ನನ್ನ ತುಟಿ. ನಾನು ಹುಟ್ಟಿದಾಗ ನನ್ನ ಮೇಲ್ದುಟಿ ಸೀಳಿತ್ತು. ಆರನೇ ವರ್ಷಕ್ಕೆ ಬಳ್ಳಾರಿಯಲ್ಲಿ ಆಪರೇಷನ್ ಆಯಿತು, ಈಗ ಮೂಗಿನ ಕೆಳಗೆ ಒಂದು ಗೆರೆ ಉಳಿದಿದೆ, ಅಷ್ಟೆ. ಆದರೆ ಕಂಪ್ಲಿ ತಾಲೂಕಿನ ಮೆಟ್ರಿಯಲ್ಲಿ, ನಮ್ಮ ಊರಲ್ಲಿ, ನನಗೆ 'ಗ್ರಹಣದ ಹುಡುಗಿ' ಎಂದೇ ಹೆಸರಿತ್ತು. 1980ರ ಫೆಬ್ರವರಿಯಲ್ಲಿ ನಮ್ಮ ಕಡೆ ಖಗ್ರಾಸ ಗ್ರಹಣವಾಗಿ ಇಳಿಹೊತ್ತಿನಲ್ಲೇ ಕತ್ತಲಾಗಿತ್ತಂತೆ. ಆಗ ಅವ್ವ ನನ್ನನ್ನು ಹೊತ್ತಿದ್ದಳು. ಅವಳನ್ನು ಒಳಕೋಣೆಯಲ್ಲಿ ಕೂರಿಸಿ ಬಾಗಿಲು ಹಾಕಿದ್ದರು. ಆದರೂ ನಾನು ಹುಟ್ಟಿದ ದಿನ ನನ್ನ ಸೋದರತ್ತೆ, "ಇಕಿ ಇಣಿಕಿ ನೋಡ್ಯಾಳ, ಅದಕ್ಕ ಕೂಸಿಗೆ ಹಿಂಗಾಗೈತಿ" ಎಂದುಬಿಟ್ಟರು. ಅವತ್ತಿನಿಂದ ಮದುವೆ, ಸೀಮಂತ, ಎಲ್ಲಿ ಹೆಂಗಸರು ಸೇರಿದರೂ ಆ ಮಾತು ಬರುತ್ತಿತ್ತು. ಅವ್ವ ಎದುರು ಮಾತಾಡುತ್ತಿರಲಿಲ್ಲ. ಇಷ್ಟೆಲ್ಲ ರಾದ್ಧಾಂತ ಮಾಡುವ ಈ ಗ್ರಹಣ ಅಂದರೆ ಏನು ಎಂದು ತಿಳಿಯುವ ಹಟ ನನಗೆ ಸಣ್ಣವಳಿದ್ದಾಗಲೇ ಹತ್ತಿತ್ತು.

ಗ್ರಹಣದ ಹಿಂದಿನ ದಿನ ಮಧ್ಯಾಹ್ನ ಬಾಗಿಲು ತೆಗೆದರೆ ಅವ್ವ ನಿಂತಿದ್ದಳು. ಕೈಯಲ್ಲಿ ಒಂದು ಬಟ್ಟೆಯ ಚೀಲ. ಅವತ್ತು ಮಧ್ಯಾಹ್ನಕ್ಕೇ ಅಮಾವಾಸ್ಯೆ ಹಿಡಿದಿತ್ತು, ಅಮಾವಾಸ್ಯೆಯಲ್ಲಿ ಮನೆ ಬಿಟ್ಟು ಹೊರಡುವವಳಲ್ಲ ಅವಳು. ನನ್ನನ್ನು ತಡೆಯಲು ಬಂದಿದ್ದಾಳೆ ಎಂದೇ ನಾನು ಎಣಿಸಿದೆ.

"ಅವ್ವ, ನೀ ಏನರ ಹೇಳು, ನಾ ನಾಳೆ ನೋಡಾಕಿ" ಎಂದೆ.

ಅವ್ವ ನೀರು ಕುಡಿದು ಲೋಟ ಕೆಳಗಿಟ್ಟಳು. "ಬ್ಯಾಡ ಅಂತ ಯಾರಂದ್ರು? ನನ್ನೂ ಕರಕೊಂಡು ಹೋಗು. ನೋಡಲಾರದನ ನೋಡ್ಯಾಳ ಅಂತ ಇಷ್ಟು ವರ್ಷ ಅನ್ನಿಸಿಕೊಂಡೀನಿ. ಈಗರ ನೋಡ್ತೀನಿ."

ನನಗೆ ನಗು ಬಂತು. ಅಪ್ಪನಿಗೆ ಏನು ಹೇಳಿ ಬಂದೆ ಎಂದು ಕೇಳಿದೆ. "ಮಗಳಿಗೆ ಆರಾಮಿಲ್ಲ ಅಂತ ಹೇಳೀನಿ" ಎಂದಳು, ಸ್ವಲ್ಪವೂ ಅಳುಕಿಲ್ಲದೆ.

ಬೆಳಿಗ್ಗೆ ಐದೂವರೆಗೆ ಎದ್ದು ಮಾಳಿಗೆಗೆ ಹೋದರೆ ಒಂದು ನಕ್ಷತ್ರವೂ ಇಲ್ಲ. ಆಕಾಶಕ್ಕೆ ಬೂದು ಕಂಬಳಿ ಹೊದಿಸಿದ ಹಾಗಿತ್ತು. ಹಂಪಿಯ ಹೇಮಕೂಟದ ಮೇಲಿಂದ ನೋಡಬೇಕು ಎಂಬುದು ನನ್ನ ಲೆಕ್ಕಾಚಾರ. ಏರಲು ಸುಲಭ, ಸುತ್ತ ಬಯಲು. ಅವ್ವನನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಏಳಕ್ಕೆಲ್ಲ ಹೊರಟೆ. ಕಮಲಾಪುರ ದಾಟುವಾಗ ಸಣ್ಣಗೆ ಹನಿ ಸಹ ಬಿತ್ತು. ಅವ್ವ ಸೆರಗನ್ನು ತಲೆಗೆ ಎಳೆದುಕೊಂಡು, "ಡಿಸೆಂಬರ್‌ನಾಗ ಮಳಿ! ಇದಕ್ಕೂ ನನ್ನ ಮ್ಯಾಲ ಸಿಟ್ಟೇನು?" ಎಂದಳು.

ಎಂಟು ಗಂಟೆಗೆ ಗ್ರಹಣ ಹಿಡಿಯುವ ಹೊತ್ತಿಗೆ ನಾವು ಗುಡ್ಡದ ಮೇಲಿದ್ದೆವು. ನಮ್ಮ ಹಾಗೇ ಬಂದಿದ್ದ ಹತ್ತು ಹನ್ನೆರಡು ಜನ ಕಪ್ಪು ಕನ್ನಡಕ ಕೈಯಲ್ಲಿ ಹಿಡಿದು ಬಂಡೆಗಳ ಮೇಲೆ ಕೂತಿದ್ದರು. ಸೂರ್ಯ ಎಲ್ಲಿದ್ದಾನೆ ಎಂದು ಕೈಮಾಡಿ ತೋರಿಸಲೂ ಆಗದಷ್ಟು ಮೋಡ. ಎಂಟೂಕಾಲು ಆಯಿತು. ಕೆಲವರು ಎದ್ದು ಹೋದರು. ಅವ್ವ ಮಾತ್ರ ಕನ್ನಡಕ ಹಾಕಿಕೊಂಡು ನಾನು ಹೇಳಿದ ದಿಕ್ಕಿಗೆ ಮುಖ ಮಾಡಿ ಕೂತೇ ಇದ್ದಳು. ಆ ಕನ್ನಡಕದಲ್ಲಿ ಸೂರ್ಯನೊಬ್ಬನನ್ನು ಬಿಟ್ಟು ಬೇರೆ ಏನೂ ಕಾಣುವುದಿಲ್ಲ. ಅಂದರೆ ಅವಳು ಅಷ್ಟು ಹೊತ್ತು ಬರೀ ಕತ್ತಲೆ ನೋಡುತ್ತಿದ್ದಳು.

ಅಷ್ಟರಲ್ಲಿ ನನ್ನ ಗಂಡನ ಫೋನು ಬಂತು. ಅವರು ಸಂಡೂರಿನ ಕಡೆ ಒಂದು ಗಣಿಯಲ್ಲಿ ಎಲೆಕ್ಟ್ರಿಷಿಯನ್. ಬೆಳಗಿನ ಪಾಳಿಯಲ್ಲಿದ್ದರು. "ಇಲ್ಲಿ ಮೋಡ ಒಡದಾವ ನೋಡು. ಆಗೊಮ್ಮೆ ಈಗೊಮ್ಮೆ ಬಿಸಲು ಬೀಳಾಕತ್ತೈತಿ" ಎಂದರು.

ನಾನು ಗಡಿಯಾರ ನೋಡಿದೆ. ಒಂಬತ್ತೂವರೆಯ ಆಸುಪಾಸಿಗೆ ಗ್ರಹಣ ಅತಿ ಹೆಚ್ಚು. ಹಂಪಿಯಿಂದ ಹೊಸಪೇಟೆಗೆ ವಾಪಸು ಬಂದು, ಅಲ್ಲಿಂದ ಸಂಡೂರಿನ ಗುಡ್ಡ ಹತ್ತಬೇಕು. ಸ್ಕೂಟಿಯಲ್ಲಿ ಮುಟ್ಟುವುದೇ ಅನುಮಾನ. ಅಲ್ಲಿ ಹೋಗುವಷ್ಟರಲ್ಲಿ ಮತ್ತೆ ಮೋಡ ಮುಚ್ಚಿದರೆ? ನಾವು ಅತ್ತ ಹೋದ ಮೇಲೆ ಇಲ್ಲೇ ತೆರೆದರೆ? ಅವ್ವನಿಗೆ ಇದನ್ನೆಲ್ಲ ಹೇಳುತ್ತಿದ್ದೆ. ಅವಳು ಆಗಲೇ ಚಪ್ಪಲಿ ಮೆಟ್ಟಿದ್ದಳು.

"ನಡಿ, ಜಲ್ದಿ ನಡಿ."

ಗ್ರಹಣದ ಪುಣ್ಯದಿಂದ ಹೊಸಪೇಟೆಯ ರಸ್ತೆಗಳು ಖಾಲಿ ಇದ್ದವು. ಅಂಗಡಿಗಳ ಬಾಗಿಲು ಅರ್ಧ ಎಳೆದಿದ್ದವು. ಊರು ದಾಟಿ ಸಂಡೂರು ರಸ್ತೆಗೆ ಬಿದ್ದ ಮೇಲೆ ಅದಿರು ಲಾರಿಗಳ ಕೆಂಪು ಧೂಳು. ಮೋಡದಡಿಯ ಬೆಳಕು ಹಗಲಿನಂತಿರಲಿಲ್ಲ, ಸಂಜೆಯಂತೆಯೂ ಇರಲಿಲ್ಲ. ಗುಡ್ಡದ ಹಸಿರೆಲ್ಲ ಬಣ್ಣ ತೊಳೆದ ಹಾಗೆ ಕಾಣುತ್ತಿತ್ತು. ಏರು ಶುರುವಾಗಿ ಎರಡು ಮೂರು ತಿರುವು ಕಳೆದಿರಬೇಕು, ಹಿಂದೆ ಕೂತ ಅವ್ವ ನನ್ನ ಭುಜ ಗಟ್ಟಿಯಾಗಿ ಹಿಡಿದಳು.

"ಲೇ ವಿಜಿ, ನೆರಳು!"

ಹೌದು, ರಸ್ತೆಯ ಮೇಲೆ ನಮ್ಮಿಬ್ಬರ ನೆರಳು ತೆಳುವಾಗಿ ಮೂಡಿತ್ತು. ಒಂದು ಚಹಾದಂಗಡಿ ಕಂಡಿತು. ಮುಂದೆ ಅಂಗಡಿ, ಹಿಂದೆ ಮನೆ, ಎಲ್ಲಕ್ಕೂ ಸೇರಿ ಒಂದೇ ತಗಡಿನ ಚಾವಣಿ. ಅಲ್ಲೇ ಸ್ಕೂಟಿ ನಿಲ್ಲಿಸಿದೆ. ಒಲೆ ಆರಿತ್ತು. ಅಂಗಡಿಯ ಹೆಂಗಸು ಹುಲಿಗೆಮ್ಮ ಹೊಸ್ತಿಲಲ್ಲಿ ಕೂತಿದ್ದರು. "ಚಾ ಇಲ್ರವ್ವ, ಗ್ರಹಣ ಬಿಡೂತನ ಒಲಿ ಹಚ್ಚಂಗಿಲ್ಲ" ಎಂದರು. ನಾನು ಕನ್ನಡಕವನ್ನು ಅವ್ವನ ಕಣ್ಣಿಗೆ ಹಾಕಿ, ಅವಳ ಗಲ್ಲ ಹಿಡಿದು ಮೇಲೆ ತಿರುಗಿಸಿದೆ.

ಅವ್ವ ಎರಡೂ ಕೈಯಿಂದ ಕನ್ನಡಕ ಒತ್ತಿ ಹಿಡಿದಳು.

"ಕಂಡಿತಾ?"

"ಎಷ್ಟು ಸಣ್ಣಗ ಐತಿ!" ಎಂದಳು. "ಒಡದ ಬಳಿ ಚೂರಿನಂಗ. ಇದಕ್ಕ ಏನು ಅಷ್ಟೆಲ್ಲ ಅಂದ್ರು, ಇಷ್ಟು ಸಣ್ಣದಕ್ಕ?"

ನಾನೂ ನೋಡಿದೆ. ಕಿತ್ತಳೆ ಬಣ್ಣದ, ನುಣುಪಾದ ಒಂದು ಚೂರು. ಅದರ ಮೇಲೆ ಮೋಡದ ಎಳೆಗಳು ಹಾದುಹೋಗುತ್ತಿದ್ದವು. ಆ ಕಪ್ಪು ಭಾಗ ಚಂದ್ರ, ನಾವು ದಿನಾ ನೋಡುವ ಚಂದ್ರನೇ ಎಂದು ಅವ್ವನಿಗೆ ಹೇಳಿದೆ. "ಹಗಲಿನಾಗ ಅವ ಎಲ್ಲಿರ್ತಾನ ಅಂತ ನಾ ಎಂದೂ ಯೋಚನಿ ಮಾಡಿದ್ದಿಲ್ಲ" ಎಂದಳು.

ಆಗ ಮನೆಯೊಳಗಿಂದ ಒಂದು ದನಿ. "ಅತ್ತೀ, ಒಳಗ ಏನೇನೋ ಬೀಳಾಕತ್ತಾವ್ರಿ! ನನಗ ಅಂಜಿಕಿ ಆಗಾಕತ್ತೈತಿ!"

ಹುಲಿಗೆಮ್ಮ ಗಾಬರಿಯಾಗಿ ಎದ್ದರು. "ನನ್ನ ಸೊಸಿರಿ. ಎಂಟು ತಿಂಗಳ ಬಸುರಿ. ಬೆಳಿಗ್ಗಿಂದ ಒಳಗ ಕುಂದರಿಸೀನಿ" ಎಂದು ಬಾಗಿಲು ತಳ್ಳಿದರು. ಅವ್ವ ನನಗಿಂತ ಮುಂಚೆ ಅವರ ಹಿಂದೆ ಒಳಗೆ ಹೋದಳು.

ಕಿಟಕಿಗೆ ಗೋಣಿಚೀಲ ಕಟ್ಟಿ ಕತ್ತಲು ಮಾಡಿದ ಕೋಣೆ. ಗೋಡೆಗೊರಗಿ ಒಬ್ಬ ಹುಡುಗಿ ಕೂತಿದ್ದಳು, ಇಪ್ಪತ್ತೊಂದೋ ಇಪ್ಪತ್ತೆರಡೋ ಇರಬೇಕು. ತಗಡಿನಲ್ಲಿ ಹಳೆಯ ಮೊಳೆ ಕಿತ್ತ ತೂತುಗಳಿದ್ದವು. ಒಂದೊಂದು ತೂತಿನಿಂದ ಬಂದ ಬೆಳಕು ನೆಲದ ಮೇಲೆ, ಗೋಡೆಯ ಮೇಲೆ ಬೆರಳ ಉಗುರಿನಷ್ಟು ಕುಡಗೋಲಾಗಿ ಬಿದ್ದಿತ್ತು. ಹತ್ತಿಪ್ಪತ್ತು ಕುಡಗೋಲುಗಳು, ಎಲ್ಲ ಒಂದೇ ಕಡೆಗೆ ಬಾಗಿದಂಥವು. ಒಂದು ಆ ಹುಡುಗಿಯ ಸೀರೆಯ ಮೇಲೂ ಇತ್ತು. ಅವಳು ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡಿದ್ದಳು.

ಸಣ್ಣ ತೂತಿನಿಂದ ಸೂರ್ಯನ ಚಿತ್ರ ಬೀಳುತ್ತದೆ ಎಂದು ನಾನು ಪುಸ್ತಕದಲ್ಲಿ ಓದಿದ್ದೆ. ಹೀಗೆ ಕಣ್ಣಾರೆ ಕಂಡಿರಲಿಲ್ಲ. ಖುಷಿಯಿಂದ ಏನೋ ಹೇಳಲು ಬಾಯಿ ತೆರೆದವಳು ಅವ್ವನ ಮುಖ ನೋಡಿ ಸುಮ್ಮನಾದೆ. ಅವಳು ಬಿಳಚಿಕೊಂಡಿದ್ದಳು. ಮೆಲ್ಲಗೆ ಹೋಗಿ ಆ ಹುಡುಗಿಯ ಪಕ್ಕದಲ್ಲಿ ಕುಳಿತಳು.

"ನಾನೂ ಕಂಡೀನವ್ವ ಇವನ್ನ," ಎಂದು ಅವಳಿಗೆ ಹೇಳಿದಳು. "ನನಗೂ ಹಿಂಗ ಕೋಣ್ಯಾಗ ಹಾಕಿದ್ರು. ಹೆಂಚಿನ ಸಂದಿನಾಗಿಂದ ಬಿದ್ದುವು. ಒಂದು ನನ್ನ ಹೊಟ್ಟಿ ಮ್ಯಾಲ ಬಿತ್ತು. ಸರಸಾಕ ಹೋದ್ರ ಕೈ ಮ್ಯಾಲ ಬಂತು. ಯಾರಿಗೂ ಹೇಳಲಿಲ್ಲ. ಕೂಸು ಹುಟ್ಟಿ ತುಟಿ ನೋಡಿದಾಗ ನನಗ ಖಾತ್ರಿ ಆತು, ಅದು ಬಿದ್ದದ್ದಕ್ಕ ಹಂಗಾತು ಅಂತ."

ಮೂವತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅವಳ ಬಾಯಿಂದ ಈ ಮಾತು ಹೊರಬಿದ್ದಿತ್ತು. ಅದೂ ಗುರುತಿಲ್ಲದ ಒಬ್ಬ ಹುಡುಗಿಯ ಹತ್ತಿರ. ಸೋದರತ್ತೆ ಆಡಿದ ಮಾತನ್ನು ಅವಳು ಅನ್ಯಾಯ ಎಂದು ನುಂಗಿಕೊಂಡಿದ್ದಾಳೆ ಎಂದೇ ನಾನು ತಿಳಿದಿದ್ದೆ. ಅವಳೇ ಅದನ್ನು ನಂಬಿದ್ದಳು ಎಂಬುದು ನನ್ನ ಕನಸಿನಲ್ಲೂ ಇರಲಿಲ್ಲ. ಹುಡುಗಿ ಅವ್ವನ ಮಾತು ಕೇಳಿ ಇನ್ನಷ್ಟು ಮುದುಡಿದಳು. ಹುಲಿಗೆಮ್ಮ ನನ್ನ ತುಟಿಯನ್ನೇ ನೋಡುತ್ತಿದ್ದರು.

ನಾನು ಅವರ ಮುಂದೆ ಕುಳಿತೆ. ನೆಲದ ಮೇಲಿನ ಒಂದು ಕುಡಗೋಲಿನ ಮೇಲೆ ಅಂಗೈ ಚಾಚಿದೆ. ಅದು ಅಂಗೈಗೆ ಬಂತು. "ಇದು ಹೊರಗ ಕಾಣ್ತಲ್ಲ, ಆ ಸೂರ್ಯನ ಚಿತ್ರ ಅವ್ವ. ದಿನಾನೂ ಬೀಳತೈತಿ, ದುಂಡಗ. ಇವತ್ತು ಸೂರ್ಯ ಹಿಂಗದಾನ, ಅದಕ್ಕ ಚಿತ್ರನೂ ಹಿಂಗೈತಿ. ಬರೀ ಬೆಳಕು."

ಆಮೇಲೆ ಬೆರಳು ಮಡಚಿ ಎಣಿಸಿದೆ. "ಆ ಗ್ರಹಣ ಫೆಬ್ರವರಿ. ನಾ ಹುಟ್ಟಿದ್ದು ಜುಲೈ. ಅಂದ್ರ ಆವಾಗ ನಿನಗ ಐದರಾಗ ನಡದಿತ್ತು. ಹೊಟ್ಯಾಗಿನ ಕೂಸಿನ ತುಟಿ ಎರಡು ತಿಂಗಳಾಗೂದ್ರಾಗ ಕೂಡಬೇಕು. ನನ್ನದು ಕೂಡಿರಲಿಲ್ಲ. ಗ್ರಹಣ ಬರೂದ್ರೊಳಗ ನನ್ನ ತುಟಿ ಸೀಳೇ ಇತ್ತವ್ವ. ನೀ ಹೊರಗ ಬಂದು ಕಣ್ತುಂಬ ನೋಡಿದ್ರೂ ಅದು ಅಷ್ಟ, ನೋಡದಿದ್ರೂ ಅಷ್ಟ."

"ಖರೇನಾ?"

"ಖರೇ."

ಅವ್ವ ನನ್ನ ಮಡಚಿದ ಬೆರಳುಗಳನ್ನು ನೋಡಿದಳು. ತಾನೂ ಒಮ್ಮೆ ಎಣಿಸಿದಳು, ತುಟಿಯಲ್ಲೇ ತಿಂಗಳುಗಳ ಹೆಸರು ಹೇಳಿಕೊಳ್ಳುತ್ತ. ಆಮೇಲೆ ಕೇಳಿದಳು, "ಮತ್ತ ಮದಲ ಯಾಕ ಹೇಳಲಿಲ್ಲ ನೀನು?"

ನಾನು ಮಡಚಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ.

ಹುಡುಗಿ ಹೊಟ್ಟೆಯ ಮೇಲಿನ ಕೈ ಸಡಿಲಿಸಿದಳು. ಹೆಸರು ರೇಣುಕಾ ಎಂದು ಆಮೇಲೆ ತಿಳಿಯಿತು. ಹೆದರಿಕೆ ಪೂರ್ತಿ ಹೋಗಿರಲಿಲ್ಲ. ಆದರೂ ನಾನು ಮಾಡಿದ ಹಾಗೇ ಒಂದು ಕುಡಗೋಲಿಗೆ ಅಂಗೈ ಒಡ್ಡಿದಳು. "ಬಿಸಿನೂ ಇಲ್ಲ" ಎಂದಳು ಆಶ್ಚರ್ಯದಿಂದ. ನಂತರ ಅತ್ತೆಯ ಕಡೆ ತಿರುಗಿ, "ಒಂದು ಗುಟುಕು ನೀರು ಕೊಡ್ರಿ ಅತ್ತಿ, ಗಂಟಲು ಒಣಗೈತಿ" ಎಂದಳು. ಹುಲಿಗೆಮ್ಮ ಅವ್ವನನ್ನು ನೋಡಿದರು, ಚಾವಣಿ ನೋಡಿದರು. ಕಡೆಗೆ ಕೊಡದಿಂದ ಒಂದು ಚೆಂಬು ನೀರು ತಂದು ಸೊಸೆಯ ಕೈಗೆ ಕೊಟ್ಟರು.

ಅವಳು ಕುಡಿಯುತ್ತಿರುವಾಗಲೇ ನೆಲದ ಮೇಲಿನ ಬೆಳಕು ಒಂದೊಂದಾಗಿ ಮಾಸಿ ಆರಿಹೋಯಿತು. ಹೊರಗೆ ಬಂದು ನೋಡಿದರೆ ಮೋಡ ಮತ್ತೆ ಕೂಡಿಕೊಂಡಿತ್ತು. ನಮಗೆ ಸಿಕ್ಕದ್ದು ಹೆಚ್ಚೆಂದರೆ ಹತ್ತು ನಿಮಿಷ. ಗ್ರಹಣ ಬಿಟ್ಟ ಮೇಲೆ ಹುಲಿಗೆಮ್ಮ ಒಲೆ ಹಚ್ಚಿ ಎಲ್ಲರಿಗಿಂತ ಮೊದಲು ನಮಗೆ ಚಹಾ ಮಾಡಿಕೊಟ್ಟರು. ರೇಣುಕಾಳೂ ಹೊರಗೆ ಬಂದು ಅವ್ವನ ಪಕ್ಕ ಕೂತು ಕುಡಿದಳು.

ಇಳಿಯುವ ದಾರಿಯಲ್ಲಿ ಅವ್ವ ನನ್ನ ಬೆನ್ನಿಗೆ ಹಣೆ ಒತ್ತಿಕೊಂಡು ಕೂತಿದ್ದಳು. ಅಳುತ್ತಿದ್ದಾಳೋ, ಧೂಳಿಗೆ ಮುಖ ಮರೆಸಿಕೊಂಡಿದ್ದಾಳೋ ತಿಳಿಯಲಿಲ್ಲ.

ಆ ಎರಡು ತಿಂಗಳ ಲೆಕ್ಕ ನಾನು ಲ್ಯಾಬ್ ಕೋರ್ಸ್ ಓದುವಾಗಲೇ ಕಲಿತದ್ದು. ಆಗ ನನಗೆ ಇಪ್ಪತ್ತು ವರ್ಷ. ನನ್ನ ತುಟಿಗೆ ಗ್ರಹಣ ಕಾರಣವಲ್ಲ ಎಂದು ಹೊಳೆದು ನಾನು ಹಗುರಾದೆ, ಅಲ್ಲಿಗೆ ಬಿಟ್ಟೆ. ಅದೇ ಭಾರ ಇನ್ನೊಬ್ಬಳ ಮೇಲೂ ಇರಬಹುದು ಎಂದು ಹತ್ತೊಂಬತ್ತು ವರ್ಷ ನನಗೆ ಅನ್ನಿಸಲೇ ಇಲ್ಲ. ಕೋಟ್ಯಂತರ ಮೈಲಿ ದೂರದ್ದನ್ನು ನೋಡಲು ದುರ್ಬೀನು ಹಿಡಿದು ಕೂತವಳು ಹತ್ತಿರದಲ್ಲೇ ಇದ್ದ ಅವ್ವನನ್ನು ಒಂದು ಮಾತು ಕೇಳಿರಲಿಲ್ಲ. ಅವಳ ಆ ಪ್ರಶ್ನೆ ಈಗಲೂ ನನ್ನನ್ನು ಚುಚ್ಚುತ್ತದೆ. ನನಗೆ ಗೊತ್ತಿರುವ ಒಂದು ಸಣ್ಣ ಸಂಗತಿ ಯಾರಿಗೆ ಬೇಕಾಗಿದೆಯೋ ಎಂದು ಅವತ್ತಿನಿಂದ ಯೋಚಿಸುತ್ತೇನೆ. ಲ್ಯಾಬಿಗೆ ಬರುವ ಬಸುರಿಯರ ಜೊತೆ ಎರಡು ಮಾತು ಹೆಚ್ಚು ಆಡುತ್ತೇನೆ.

ಮರುತಿಂಗಳು ಒಂದು ಸಂಜೆ ಮೆಟ್ರಿಯಿಂದ ಫೋನು ಬಂತು. ಆರಾಮ ಇದ್ದೀಯಾ ಎಂದು ಕೇಳಿದ್ದೂ ಇಲ್ಲ.

"ಲೇ ವಿಜಿ, ಪಡುವಲ ಕಡೆ ಒಂದು ಭಾಳ ಹೊಳಿಯಾಕತ್ತೈತಿ. ಏನದು?"

"ಶುಕ್ರ, ಅವ್ವ."

"ನಾಳೆ ಅಲ್ಲೇ ಇರತೈತೇನು?"

"ನೋಡಿ ನೀನ ಹೇಳು" ಎಂದೆ.

ಮರುದಿನ ಕತ್ತಲಾಗುವ ಮೊದಲೇ ಅವಳ ಫೋನು ಮತ್ತೆ ಬಂತು.