ಇನ್ನೂರ ಹನ್ನೆರಡು ಪ್ರಶ್ನೆ ಚಿಹ್ನೆಗಳು

ಅವರ ಬಲಗೈ ಮಣಿಕಟ್ಟು ಅಲುಗಾಡದೆ ನಿಂತದ್ದನ್ನು ನಾನು ನೋಡಿದ್ದು ಒಂದೇ ಸಲ. ಮಾತಾಡುವಾಗ, ಮಾತು ಕೇಳುವಾಗ, ಲಿಫ್ಟಿಗೆ ಕಾಯುವಾಗ ಅದು ಮೆಲ್ಲಗೆ ಆ ಕಡೆ ಈ ಕಡೆ ವಾಲುತ್ತಲೇ ಇರುತ್ತಿತ್ತು. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತ, ಒಂದು ಹನಿ ದ್ರಾವಣ ಬೆರೆಸಿ, ಪಟ್ಟಿಯನ್ನು ಓಲಾಡಿಸಿ, ರಕ್ತ ಗಂಟುಗಟ್ಟುತ್ತದೋ ಇಲ್ಲವೋ ನೋಡಿ ಗುಂಪು ಹೇಳುವುದು ಅವರ ಕೆಲಸ. ಮೂವತ್ತು ವರ್ಷ ಅದನ್ನೇ ಮಾಡಿದ ಕೈಗೆ ಬೆರಳ ನಡುವೆ ಗಾಜು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಕಾಫಿ ಲೋಟವನ್ನೂ ಹಾಗೇ ಓಲಾಡಿಸಿ, ಒಳಗೆ ಇಣುಕಿ ನೋಡಿ, ಆಮೇಲೆ ಕುಡಿಯುತ್ತಿದ್ದರು.

ಮದ್ರಾಸಿನ ಪೋರೂರಿನ ಒಂದು ಆಸ್ಪತ್ರೆಯ ರಕ್ತನಿಧಿಯಲ್ಲಿ ಅವರು ಹಿರಿಯ ಟೆಕ್ನಿಷಿಯನ್. ಡಾಕ್ಟರುಗಳಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರಿಗೂ ‘ಲ್ಯಾಬ್ ಮಾಮಿ’. ಮೂರು ತಲೆಮಾರಿನಿಂದ ಮದ್ರಾಸಿನಲ್ಲೇ ಇರುವ, ಮನೆಯಲ್ಲಿ ಕನ್ನಡ ಮಾತಾಡುವ ವೈಷ್ಣವರ ಮನೆಯವರು. ಬೆಸೆಂಟ್ ನಗರದಿಂದ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದರು, ಏಕಾದಶಿಯ ದಿನ ನೀರೂ ಮುಟ್ಟದೆ ಎಲ್ಲರಿಗಿಂತ ಹೆಚ್ಚು ಪರೀಕ್ಷೆ ಮಾಡುತ್ತಿದ್ದರು. ನಾನು ಅಲ್ಲಿಗೆ ಸೇರಿದ್ದು ಕಂಪ್ಯೂಟರಿನಲ್ಲಿ ದಾಖಲೆ ತುಂಬುವ ಕೆಲಸಕ್ಕೆ. ನನ್ನಪ್ಪ ಧಾರವಾಡ ಕಡೆಯವರು, ರೈಲ್ವೆಯಲ್ಲಿದ್ದರು. ನಾನು ಓದಿದ್ದೆಲ್ಲ ಪೆರಂಬೂರಿನಲ್ಲಿ. ಹೊರಗೆ ತಮಿಳು, ಒಳಗೆ ಅಪ್ಪನ ಕನ್ನಡ.

ಮೊದಲ ದಿನ ನನ್ನ ಅರ್ಜಿ ನೋಡಿ, “ಕನ್ನಡದ ಕೊಳಂದೆಯಾ? ಬಾ, ಕೂತ್ಕೋ. ತಿಂಡಿ ಆಯ್ತಾ?” ಎಂದರು. ಮಕ್ಕಳಿಗೆ ತಮಿಳಿನವರು ಹೇಳುವ ಆ ಮಾತನ್ನೇ ಅವರು ಕೊನೆಯ ತನಕ ನನ್ನ ಹೆಸರಾಗಿ ಇಟ್ಟುಕೊಂಡರು.

“ಆಗೇದ್ರಿ ಮಾಮಿ,” ಅಂದೆ.

“ಆಗೇದ್ರಿ! ನೀನು ಮಾತಾಡಿದ್ರೆ ಸಾಂಬಾರಿಗೆ ಖಾರ ಜಾಸ್ತಿ ಬಿದ್ದ ಹಾಗಿದೆ ಪಾ,” ಎಂದು ಗೊಳ್ಳೆಂದು ನಕ್ಕರು. ಆ ನಗುವಿಗೇ ನಾನು ಅವರ ಕಡೆಯವಳಾಗಿಬಿಟ್ಟೆ.

ಅವರ ಕಂಪ್ಯೂಟರಿನಲ್ಲಿ ದೊಡ್ಡದೊಂದು ಶೀಟ್ ಇತ್ತು. ಊರಿನ ಬೇರೆ ಬೇರೆ ಕಡೆ ನಡೆದ ಶಿಬಿರಗಳಿಗೆ ಬಂದ ರಕ್ತದಾನಿಗಳ ಪಟ್ಟಿ ಅದು: ಹೆಸರು, ಫೋನು, ಗುಂಪು. ಶಿಬಿರದಲ್ಲಿ ಬರೆದ ಕಾರ್ಡುಗಳಿಂದ ಇಳಿಸಿದ್ದು; ಒಂದು ಕಾರ್ಡು ದಾನಿಗೆ, ಒಂದು ನಮಗೆ. ಗುಂಪಿನ ಮುಂದೆ ಅಲ್ಲಲ್ಲಿ ಒಂದು ಪ್ರಶ್ನೆ ಚಿಹ್ನೆ. ‘ಬಿ ಪಾಸಿಟಿವ್ ?’, ‘ಓ ಪಾಸಿಟಿವ್ ?’ ಹೀಗೆ. ಯಾವ ಗುಂಪು ಅವರೇ ಪೂರ್ತಿ ಪರೀಕ್ಷೆ ಮಾಡಿ ಖಚಿತಪಡಿಸಿದ್ದಲ್ಲವೋ ಅದರ ಮುಂದೆಲ್ಲ ಆ ಗುರುತು. ಆಮೇಲೆ ಒಬ್ಬೊಬ್ಬರಿಗೇ ಫೋನು ಮಾಡಿ, ಕಾಡಿ ಬೇಡಿ ಕರೆಸಿ, ಇನ್ನೊಮ್ಮೆ ಪರೀಕ್ಷಿಸಿ, ಒಂದೊಂದನ್ನೇ ಅಳಿಸುತ್ತಿದ್ದರು. ತಿಂಗಳಿಗೆ ಹತ್ತು ಹೋದರೆ ಹೊಸ ಶಿಬಿರದಿಂದ ಹದಿನೈದು ಬರುತ್ತಿದ್ದವು.

“ಕಾರ್ಡಿನ್ಯಾಗ ಬರದಾರಲ್ರಿ, ಮತ್ಯಾಕ ಪ್ರಶ್ನೆ?” ಎಂದು ಕೇಳಿದ್ದೆ.

“ಯಾರೋ ಬರೆದ್ರು ಅಂತ ನಾನೂ ಬರೀಲಾ? ನಾನು ಕಣ್ಣಾರೆ ನೋಡಿಲ್ವಲ್ಲ,” ಎಂದರು. “ಗೊತ್ತಿಲ್ಲ ಅಂತ ಬರೆದ್ರೆ ಯಾರೂ ಸಾಯಲ್ಲ ಕೊಳಂದೆ. ಗೊತ್ತು ಅಂತ ಬರೆದ್ರೇ ಭಯ.”

ನನಗೆ ಆಗ ಇಪ್ಪತ್ತಮೂರು. ಇದೆಲ್ಲ ವಯಸ್ಸಾದವರ ಅತಿ ಎಚ್ಚರ ಎನ್ನಿಸಿತು.

ಸೇರಿ ಎರಡು ತಿಂಗಳಾಗಿರಬೇಕು. ಪರಿಶೀಲನೆಗೆ ಹೊರಗಿನಿಂದ ತಂಡ ಬರುವುದಿತ್ತು. ಆಡಳಿತ ನೋಡಿಕೊಳ್ಳುವ ಅಧಿಕಾರಿ ನನ್ನ ಹಿಂದೆ ನಿಂತು ಶೀಟ್ ನೋಡಿ, ಇಷ್ಟೊಂದು ಪ್ರಶ್ನೆ ಕಂಡರೆ ಬಂದವರು ಏನು ತಿಳಿದುಕೊಂಡಾರು, ಸ್ವಲ್ಪ ನೀಟಾಗಿ ಮಾಡಮ್ಮಾ ಎಂದು ತಮಿಳಿನಲ್ಲಿ ಹೇಳಿ ಹೋದರು. ನಾನೋ, ನೀಟು ಎಂದರೆ ಸಾಕು, ಮನೆಯ ಪಾತ್ರೆಯನ್ನೂ ಅಳತೆಯ ಪ್ರಕಾರ ಜೋಡಿಸುವವಳು. ಮಾಮಿಯನ್ನು ಒಂದು ಮಾತು ಕೇಳಬೇಕು ಎಂದು ಹೊಳೆಯಲೇ ಇಲ್ಲ. ಹುಡುಕುವ ಜಾಗದಲ್ಲಿ ಪ್ರಶ್ನೆ ಚಿಹ್ನೆ ಒತ್ತಿದೆ, ಬದಲಿಗೆ ಏನು ಹಾಕಬೇಕೋ ಆ ಜಾಗವನ್ನು ಖಾಲಿ ಬಿಟ್ಟೆ, ಎಲ್ಲವನ್ನೂ ಬದಲಾಯಿಸು ಎಂದೆ.

ಇಡೀ ಶೀಟ್ ಬೆಳ್ಳಗಾಯಿತು. ಹೆಸರಿಲ್ಲ, ಫೋನಿಲ್ಲ, ಗುಂಪಿಲ್ಲ. ತಕ್ಷಣ ಹಿಂದಕ್ಕೆ ತರುವ ಕೀಲಿ ಒತ್ತಿ ಎಲ್ಲವನ್ನೂ ಮರಳಿ ಪಡೆದೆ. ಹುಡುಕಾಟದ ಹೊತ್ತಿನಲ್ಲಿ ಕಂಪ್ಯೂಟರಿಗೆ ಪ್ರಶ್ನೆ ಚಿಹ್ನೆ ಎಂದರೆ ‘ಯಾವುದಾದರೂ ಒಂದು ಅಕ್ಷರ’ ಎಂದು ಅರ್ಥವಂತೆ. ನಾನು ಒಂದು ಗುರುತನ್ನು ತೆಗೆ ಎಂದರೆ ಅದು ಸಿಕ್ಕಸಿಕ್ಕ ಅಕ್ಷರವನ್ನೆಲ್ಲ ತೆಗೆದಿತ್ತು. ಇಷ್ಟಾದರೂ ಬುದ್ಧಿ ಬರಲಿಲ್ಲ. ನೆಟ್ಟಗೆ ಮಾಮಿಯ ಹತ್ತಿರ ಹೋದೆ.

“ಮಾಮಿ, ಶೀಟಿನ್ಯಾಗ ಬರೇ ಪ್ರಶ್ನೆ ಚಿಹ್ನೆ ಅಷ್ಟ ಹುಡುಕೂದು ಹೆಂಗ್ರಿ?”

ಅವರ ಮುಖ ಅರಳಿದ್ದು ಇವತ್ತಿಗೂ ನನಗೆ ಕಾಣುತ್ತದೆ.

“ಅಪ್ಪಾಡಾ! ಇಷ್ಟು ವರ್ಷದಲ್ಲಿ ಇದನ್ನ ಕೇಳಿದೋಳು ನೀನೊಬ್ಳೇ,” ಎಂದು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು. “ಕೀಬೋರ್ಡಿನ ಎಡಗಡೆ ಮೇಲ್ಗಡೆ ಮೂಲೇಲಿ ಒಂದು ಸೊಟ್ಟ ಗೆರೆ ಇದೆ ನೋಡು, ಪಾಂಬು, ಹಾವಿನ ಥರ. ಮೊದಲು ಪಾಂಬು, ಅದರ ಹಿಂದೇನೇ ಪ್ರಶ್ನೆ. ಆಗ ಅದಕ್ಕೆ ತಿಳಿಯತ್ತೆ, ಇವಳು ನಿಜವಾದ ಪ್ರಶ್ನೇನೇ ಹುಡುಕ್ತಿದಾಳೆ ಅಂತ. ನಕ್ಷತ್ರ ಹುಡುಕೋದಾದ್ರೂ ಇದೇ ಪಾಂಬು.”

ಆಮೇಲೆ ತಮ್ಮ ಡೈರಿ ತೆರೆದು ತೋರಿಸಿದರು. ಪ್ರತಿ ಸೋಮವಾರ ಬೆಳಿಗ್ಗೆ ಅವರು ಹೀಗೆ ಹಾವನ್ನು ಮುಂದಿಟ್ಟುಕೊಂಡು ಪ್ರಶ್ನೆಗಳನ್ನು ಎಣಿಸಿ, ಇನ್ನೂ ಎಷ್ಟು ಜನರನ್ನು ನೋಡುವುದು ಬಾಕಿ ಎಂದು ಬರೆದಿಡುತ್ತಿದ್ದರು. ಆ ವಾರದ ಲೆಕ್ಕ ಇನ್ನೂರ ಹನ್ನೆರಡು. ತಮ್ಮ ಜೊತೆ ಎಣಿಸಲು ಕೊನೆಗೂ ಒಬ್ಬಳು ಸಿಕ್ಕಳು ಎಂದು ಅವರು ತಿಳಿದರು. ಡಬ್ಬಿ ತೆರೆದು ಎರಡು ಮುರುಕು ಕೊಟ್ಟರು. ಅವನ್ನು ತಿಂದೆ ಕೂಡ.

ಊಟವಾದ ಮೇಲೆ ಹಾವು ಹಾಕಿದೆ, ಪ್ರಶ್ನೆ ಹಾಕಿದೆ, ಒತ್ತಿದೆ. ಇನ್ನೂರ ಹನ್ನೆರಡು ಬದಲಾವಣೆ ಆಯಿತೆಂದು ಪರದೆಯ ಮೇಲೆ ಬಂತು. ಉಳಿಸಿದೆ. ಮಾಮಿಯ ಪೆನ್ ಡ್ರೈವಿನಲ್ಲಿ ಇನ್ನೊಂದು ಪ್ರತಿ ಇತ್ತು. ಎರಡೂ ಕಡೆ ಒಂದೇ ಥರ ಇರಲಿ ಎಂದು ಅದಕ್ಕೂ ಅದೇ ಉಪಚಾರ ಮಾಡಿದೆ. ಆಮೇಲೆ ಲ್ಯಾಬಿನ ಬಾಗಿಲಲ್ಲಿ ನಿಂತು, “ಮಾಮಿ, ಇನ್ನೂರ ಹನ್ನೆರಡೂ ತಗದೇನ್ರಿ. ಒಂದೂ ಉಳಿಸಿಲ್ಲ!” ಎಂದು ಸಾರಿದೆ.

ಅವರ ಮಣಿಕಟ್ಟು ನಿಂತದ್ದು ಆಗ.

“ಸೇವ್ ಮಾಡಿದ್ಯಾ?”

“ಮಾಡೇನ್ರಿ.”

“ಪೆನ್ ಡ್ರೈವು?”

“ಅದ್ರಾಗೂ...”

ಆ ಹೊತ್ತಿಗೆ ನನಗೂ ಅರಿವಾಗತೊಡಗಿತ್ತು. ಗೊತ್ತಿಲ್ಲದ ಇನ್ನೂರ ಹನ್ನೆರಡು ಸಂಗತಿಗಳನ್ನು ಒಂದೇ ಒತ್ತಿಗೆ ಗೊತ್ತಿರುವ ಸಂಗತಿಗಳನ್ನಾಗಿ ಮಾಡಿಬಿಟ್ಟಿದ್ದೆ. ಇನ್ನು ಯಾವ ‘ಓ ಪಾಸಿಟಿವ್’ ನಿಜ, ಯಾವುದು ಅನುಮಾನ ಎಂದು ಹೇಳುವಂತಿರಲಿಲ್ಲ. ಬೈಗುಳಕ್ಕೆ ಕಾದು ನಿಂತೆ. ಮಾಮಿ ಕೈಗವಸು ಕಳಚಿ, ಕೈ ತೊಳೆದುಕೊಂಡು ಬಂದರು.

“ಸರಿ ಪಾ. ಪೇಪರ್ ತಗೋ. ನಾನು ಮರೆಯೋ ಮುಂಚೆ ಬರ್ಕೊಂಡ್ಬಿಡೋಣ.”

ಮುಂದೆ ನಡೆದದ್ದನ್ನು ನಾನು ಕಣ್ಣಾರೆ ನೋಡದಿದ್ದರೆ ನಂಬುತ್ತಿರಲಿಲ್ಲ. ಅವರು ಕಣ್ಣು ಮುಚ್ಚಿ ಹೇಳತೊಡಗಿದರು. ಈ ಹುಡುಗನಿಗೆ ಎರಡು ಕಾರ್ಡು, ಒಂದರಲ್ಲಿ ಎ, ಇನ್ನೊಂದರಲ್ಲಿ ಎಬಿ. ಈ ಬ್ಯಾಂಕಿನವರ ಕಾರ್ಡು ನೀರಿಗೆ ಬಿದ್ದು ಶಾಯಿ ಕದಡಿದೆ. ಈ ಅಣ್ಣತಮ್ಮಂದಿರ ಕಾರ್ಡು ಅದಲುಬದಲಾಗಿರಬಹುದು. ಒಬ್ಬೊಬ್ಬರ ಹೆಸರು, ಶಿಬಿರ, ಅನುಮಾನದ ಕಾರಣ, ಎಲ್ಲವೂ. ನಾನು ಬರೆದುಕೊಳ್ಳಲು ತಡವರಿಸುತ್ತಿದ್ದೆ, ಅವರು ಹೇಳಲು ತಡವರಿಸುತ್ತಿರಲಿಲ್ಲ. ಸಂಜೆಯ ಹೊತ್ತಿಗೆ ನೂರ ನಲವತ್ತು ಮರಳಿ ಬಂದಿದ್ದವು. ಇವರ ತಲೆಯಲ್ಲಿ ಅಷ್ಟು ಜನ ಹೇಗೆ ಕೂತಿದ್ದಾರೆ ಎಂದು ನಾನು ಬೆರಗಿನಿಂದ ಅವರನ್ನೇ ನೋಡಿದೆ. ಪರೀಕ್ಷೆ ಬರೆದು ಮರೆಯಲು ಓದಿದವಳು ನಾನು. ಒಬ್ಬರನ್ನೂ ಮರೆಯದಿರಲು ಓದಿದವರನ್ನು ಅದೇ ಮೊದಲು ಕಂಡದ್ದು.

ಮರುದಿನ, ಅದರ ಮರುದಿನ ಮತ್ತಷ್ಟು ಬಂದವು. ಕೆಲವಕ್ಕೆ ಹಳೆಯ ಕಾರ್ಡುಗಳನ್ನು ತಿರುವಬೇಕಾಯಿತು. ನಾಲ್ಕನೆಯ ದಿನ ಇನ್ನೂರ ಹನ್ನೊಂದು. ಅಲ್ಲಿಗೆ ನಿಂತಿತು. ಒಂದು ಕಡಿಮೆ.

ಅಧಿಕಾರಿ ಬಂದು, ಒಂದೇ ತಾನೇ ಮೇಡಂ, ಬಿಟ್ಟುಬಿಡಿ ಎಂದರು. ಮಾಮಿ ತಲೆಯೆತ್ತಿ ತಮಿಳಿನಲ್ಲೇ, “ಒಂದು ಅಂದರೆ ಒಬ್ಬರು ಸಾರ್. ಯಾರನ್ನ ಬಿಡಲಿ, ನೀವೇ ಹೇಳಿ,” ಎಂದರು. ದನಿ ಏರಿಸಲಿಲ್ಲ.

ಅವತ್ತು ಅಲ್ಮೇರಾದಿಂದ ಕಾರ್ಡಿನ ಕಟ್ಟುಗಳೆಲ್ಲ ಹೊರಗೆ ಬಂದವು. ನಾಲ್ಕು ಸಾವಿರಕ್ಕೂ ಹೆಚ್ಚು. ಮಾಮಿ ತಮ್ಮ ಕೆಲಸ ಮುಗಿಸಿ ಬಂದು ನನ್ನ ಜೊತೆ ಕೂತು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡುತ್ತಿದ್ದರು. ನಡುವೆ ಪರಿಶೀಲನೆಯ ತಂಡ ಬಂದು ಹೋಯಿತು. ಮಾಮಿಯೇ ಅವರನ್ನು ಕೂರಿಸಿಕೊಂಡು ಮಾತಾಡಿದರು. ನನ್ನನ್ನು ಆ ಕೋಣೆಗೆ ಕರೆಯಲಿಲ್ಲ.

ಒಂಬತ್ತನೆಯ ದಿನ ಮಧ್ಯಾಹ್ನ ಅವರು ಒಂದು ಕಾರ್ಡನ್ನು ಕಟ್ಟಿನಿಂದ ಹೊರಗೆಳೆದರು. ಪುರಸೈವಾಕ್ಕಂನ ಸೀರೆ ಅಂಗಡಿಯೊಂದರ ಮಾಳಿಗೆಯಲ್ಲಿ ನಡೆದ ಶಿಬಿರದ್ದು. ಅಲ್ಲಿ ಸೀರೆ ತೋರಿಸುವ ಕೆಲಸದ ಹುಡುಗಿ. ರಕ್ತ ಕೊಡಲು ಬಂದಿದ್ದಳು, ಹಿಮೋಗ್ಲೋಬಿನ್ ಕಡಿಮೆ ಎಂದು ತೆಗೆದುಕೊಂಡಿರಲಿಲ್ಲ. ಅಲ್ಲೇ ಗಾಜಿನ ಪಟ್ಟಿಯ ಮೇಲೆ ನೋಡಿ ‘ಓ ಪಾಸಿಟಿವ್’ ಎಂದು ಬರೆದು ಕಳಿಸಿದ್ದರು. ರಕ್ತ ಲ್ಯಾಬಿಗೆ ಬರಲೇ ಇಲ್ಲವಾದ್ದರಿಂದ ಎರಡನೆಯ ಪರೀಕ್ಷೆ ಆಗಿರಲಿಲ್ಲ.

“ಇವಳೇ,” ಎಂದರು ಮಾಮಿ. “ಸದ್ಯ ಸಿಕ್ಕಿದಳು.”

ಕಾರ್ಡಿನಲ್ಲಿದ್ದ ನಂಬರು ಸತ್ತುಹೋಗಿತ್ತು. ಬೇರೆ ಯಾರಾದರೂ ಆಗಿದ್ದರೆ ಪ್ರಶ್ನೆ ಚಿಹ್ನೆಯನ್ನು ಮತ್ತೆ ಅದರ ಜಾಗದಲ್ಲಿಟ್ಟು ಸುಮ್ಮನಾಗುತ್ತಿದ್ದರು. ಮಾಮಿ ಮರುದಿನ ನನ್ನನ್ನು ಕರೆದುಕೊಂಡು ಪುರಸೈವಾಕ್ಕಂಗೆ ಹೊರಟರು. ಅಂಗಡಿಯಲ್ಲಿ ಹುಡುಗಿ ಇರಲಿಲ್ಲ, ಮದುವೆಯಾಗಿ ಕೆಲಸ ಬಿಟ್ಟಿದ್ದಳು. ಜೊತೆಯಲ್ಲಿ ಕೆಲಸ ಮಾಡುತ್ತಿದ್ದವಳೊಬ್ಬಳು ಗಂಡನ ನಂಬರು ಕೊಟ್ಟಳು. ಎರಡು ದಿನ ಬಿಟ್ಟು ಆಕೆ ಬಂದಾಗ ಏಳು ತಿಂಗಳ ಬಸುರಿ. ಪರ್ಸಿನಲ್ಲಿ ನಮ್ಮ ಶಿಬಿರದ ಕಾರ್ಡು ಜೋಪಾನವಾಗಿತ್ತು. ಹೆರಿಗೆಗೆ ಹೆಸರು ಬರೆಸಿದ್ದ ಕಡೆಯೂ ಅದನ್ನೇ ತೋರಿಸಿದ್ದಳಂತೆ.

ಮಾಮಿ ಅವಳ ರಕ್ತದ ತಿಳಿಯನ್ನು ಓ ಗುಂಪಿನ ರಕ್ತಕಣಗಳ ಜೊತೆ ಬೆರೆಸಿದರು. ಅವಳದು ನಿಜವಾಗಿ ಓ ಆಗಿದ್ದರೆ ಏನೂ ಆಗಬಾರದು. ಕೊಳವೆಯನ್ನು ಬೆಳಕಿಗೆ ಹಿಡಿದು ನನ್ನನ್ನು ಕರೆದರು. ತಿಳಿನೀರಿನಲ್ಲಿ ಕೆಂಪು ರವೆಯ ಹಾಗೆ ಗಂಟುಗಳು ನಿಂತಿದ್ದವು.

“ನೋಡಿದ್ಯಾ? ಓ ಥರ ಕಾಣತ್ತೆ, ಓ ಅಲ್ಲ. ಬಾಂಬೆ ಗುಂಪು ಇದು. ಸಾವಿರ ಸಾವಿರ ಜನಕ್ಕೆ ಒಬ್ಬರಿಗಿರತ್ತೋ ಇಲ್ವೋ. ಇವಳಿಗೆ ಓ ರಕ್ತ ಹಾಕಿದ್ದಿದ್ರೆ...” ಅಷ್ಟಕ್ಕೇ ನಿಲ್ಲಿಸಿದರು. ಆ ಗುಂಪಿನವರಿಗೆ ಆ ಗುಂಪಿನ ರಕ್ತವೇ ಆಗಬೇಕು, ಬೇರೆ ಯಾವುದು ಹಾಕಿದರೂ ಪ್ರಾಣಕ್ಕೆ ಅಪಾಯ.

ದೊಡ್ಡ ಲ್ಯಾಬಿನಲ್ಲೂ ಅದೇ ಉತ್ತರ ಬಂತು. ಹುಡುಗಿಯ ತಮ್ಮನನ್ನು ಕರೆಸಿ ನೋಡಿದರೆ ಪುಣ್ಯಕ್ಕೆ ಅವನದೂ ಅದೇ ಗುಂಪು. ಇನ್ನೊಬ್ಬ ದಾನಿಯನ್ನು ಮಾಮಿ ಫೋನಿನ ಮೇಲೆ ಫೋನು ಮಾಡಿ ಸೇಲಂನಲ್ಲಿ ಹಿಡಿದರು. ಹೆರಿಗೆಯಲ್ಲಿ ವಿಪರೀತ ರಕ್ತ ಹೋಯಿತು, ಇಬ್ಬರು ಕೊಟ್ಟದ್ದೂ ಬೇಕಾಯಿತು. ತಾಯಿ ಉಳಿದಳು, ಹೆಣ್ಣು ಮಗು. ಸುದ್ದಿ ಬಂದಾಗ ಮಾಮಿ ಶೀಟ್ ತೆರೆದು, ಆ ಸಾಲಿನ ‘ಓ ಪಾಸಿಟಿವ್’ ತೆಗೆದು ಬಾಂಬೆ ಗುಂಪು ಎಂದು ಬರೆದು, ಪ್ರಶ್ನೆ ಚಿಹ್ನೆಯನ್ನು ಹಾಗೇ ಬಿಟ್ಟು ನನ್ನ ಕಡೆ ಕುರ್ಚಿ ತಳ್ಳಿದರು.

“ಈಗ ಅಳಿಸು ಕೊಳಂದೆ. ಇದನ್ನ ಅಳಿಸಬಹುದು.”

ನಾನು ಅಳುತ್ತಾ ಅಳಿಸಿದೆ. ಅವರು ಡೈರಿಯಲ್ಲಿ ಆ ಹಳೆಯ ಇನ್ನೂರ ಹನ್ನೆರಡರ ಪಕ್ಕದಲ್ಲಿ ಇನ್ನೂರ ಹನ್ನೊಂದು ಎಂದು ಬರೆದು, ಕ್ಯಾಂಟೀನಿನಲ್ಲಿ ಬೋಂಡಾ ಆಗಿದೆಯೋ ನೋಡಿ ಬಾ ಎಂದು ಕಳಿಸಿದರು.

ಆ ವರ್ಷ ರಕ್ತನಿಧಿಯ ಮುಖ್ಯಸ್ಥೆಯ ಸ್ಥಾನ ಅವರಿಗೇ ಎಂದು ಎಲ್ಲರೂ ಅಂದುಕೊಂಡಿದ್ದರು. ಅದು ಬೇರೆಯವರ ಪಾಲಾಯಿತು. ಯಾಕೆ ಎಂದು ಕೇಳಿದಾಗ, “ಆ ಮೀಟಿಂಗೆಲ್ಲ ನನ್ನ ಕೈಲಾಗಲ್ಲ ಪಾ,” ಎಂದು ನಕ್ಕಿದ್ದರು. ನಾನು ನಂಬಿದೆ. ನಿವೃತ್ತಿಯಾದ ಮೇಲೂ ಸೋಮವಾರ ಬೆಳಿಗ್ಗೆ ಫೋನು ಮಾಡಿ “ಎಷ್ಟು?” ಎಂದು ಕೇಳುತ್ತಿದ್ದರು. ಹೋದ ವರ್ಷ ಒಂದು ಸೋಮವಾರ ಫೋನು ಬರಲಿಲ್ಲ. ಮಧ್ಯಾಹ್ನ ಅವರ ಮಗಳು ಮಾಡಿದಳು. ಬೆಳಿಗ್ಗೆ ಕಾಫಿ ಕುಡಿದು ಕೂತವರು ಹಾಗೇ ಹೋಗಿದ್ದರು.

ದಾಖಲೆಗಳ ಜವಾಬ್ದಾರಿ ಪೂರ್ತಿ ನನಗೆ ಬಂದದ್ದು ಈ ಜೂನಿನಲ್ಲಿ. ರಕ್ತನಿಧಿಯಲ್ಲಿ ತಪ್ಪುಗಳನ್ನು ಬರೆದಿಡಲೆಂದೇ ಒಂದು ಪುಸ್ತಕ ಇರುತ್ತದೆ. ಏನಾಯಿತು, ಯಾರಿಂದ ಆಯಿತು ಎಂದು ಬರೆದು ಸಹಿ ಹಾಕಬೇಕು. ಹಳೆಯ ಪುಸ್ತಕ ತಿರುವುತ್ತಿದ್ದಾಗ ಆ ದಿನದ ಪುಟ ಸಿಕ್ಕಿತು. ಮಾಮಿಯ ದುಂಡು ಅಕ್ಷರ. ದಾನಿಗಳ ಶೀಟಿನಿಂದ ಇನ್ನೂರ ಹನ್ನೆರಡು ಪ್ರಶ್ನೆ ಚಿಹ್ನೆಗಳು ಅಳಿಸಿಹೋಗಿವೆ, ‘ಕಾರಣ ನನ್ನ ಅಜಾಗರೂಕತೆ’ ಎಂದು ಬರೆದು ತಮ್ಮ ಸಹಿ ಮಾಡಿದ್ದರು. ಅದರ ಕೆಳಗೆ ಪರಿಶೀಲನೆಯ ತಂಡದವರ ಷರಾ ಇತ್ತು: ಗಂಭೀರ ಲೋಪ. ಮುಖ್ಯಸ್ಥೆಯ ಸ್ಥಾನ ಅವರ ಕೈತಪ್ಪಿದ್ದಕ್ಕೆ ಕಾರಣ ಮೀಟಿಂಗಲ್ಲ, ಇದು.

ಪರರು ಬರೆದ ಒಂದು ಅಕ್ಷರವನ್ನೂ ನೋಡದೆ ನಂಬದಿದ್ದ ಹೆಂಗಸು ಗೊತ್ತಿದ್ದೂ ಗೊತ್ತಿದ್ದೂ ಒಂದು ಸುಳ್ಳು ಬರೆದಿದ್ದರು, ನನಗಾಗಿ. ಆಮೇಲೆ ಪೆನ್ನು ತೆಗೆದು ‘ನನ್ನ ಅಜಾಗರೂಕತೆ’ ಎಂಬಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿದೆ. ಕೆಳಗೆ ಅಂದು ನಡೆದದ್ದನ್ನೆಲ್ಲ ನಡೆದ ಹಾಗೇ ಬರೆದು, ನನ್ನ ಹೆಸರು ಬರೆದು, ಇವತ್ತಿನ ತಾರೀಖು ಹಾಕಿ ಸಹಿ ಮಾಡಿದೆ.